ಸೀಸದ ಗುಂಡು ಸರಿಯಾಗಿ ಬರುತ್ತಿಲ್ಲವೇ? ಪಿಓಪಿ ಅಚ್ಚಿನ ತಕರಾರು ಹುಡುಕುವ ಬಗೆ

ಜೂನ್ 1ರಿಂದ ಜುಲೈ 31ರ ತನಕ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಕುಂದಾಪುರದ ಕಡೆ ಹೊಳೆಬದಿಯಲ್ಲಿ ಗಾಳ ಹಿಡಿದು ಕೂರುವವರು, ಬೀಸುಬಲೆ ಹೆಗಲಿಗೆ ಹಾಕಿಕೊಂಡು ಓಡಾಡುವವರು ಜಾಸ್ತಿ. ಪಂಚಗಂಗಾವಳಿಯ ತಳದಲ್ಲಿ ಕಲ್ಲು, ಹರಿದ ಬಲೆ, ಹಗ್ಗದ ತುಂಡು ಎಲ್ಲ ಇವೆ. ಒಂದು ಸಂಜೆ ಕೂತರೆ, ಗಾಳ ಮುಳುಗಲೆಂದು ದಾರಕ್ಕೆ ಕಟ್ಟುವ ಸೀಸದ ಗುಂಡು ನಾಲ್ಕೈದು ಹೊಳೆಗೆ ಕಾಣಿಕೆ. ಅಂಗಡಿಯಲ್ಲಿ ಕೊಂಡು ಪೂರೈಸುವುದಿಲ್ಲ ಅಂತ ನಾನೂ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ (ಪಿಓಪಿ) ಎರಡು ಅರ್ಧಗಳ ಅಚ್ಚು ಮಾಡಿ ಮನೆಯಲ್ಲೇ ಸೀಸ ಹೊಯ್ಯಲು ಶುರು ಮಾಡಿದೆ. ತಪ್ಪಿದ್ದು ಎಲ್ಲಿ ಅಂದರೆ, ಶುರು ಮಾಡಿದ್ದು ಜುಲೈನಲ್ಲಿ.

ಅಚ್ಚು ಮುಟ್ಟಿದರೆ ಒಣಗಿತ್ತು. ಎರಡು ದಿನ ಫ್ಯಾನಿನ ಕೆಳಗೆ ಇಟ್ಟಿದ್ದೆ. ಸೌಟು ಬಗ್ಗಿಸಿ ಸೀಸ ಬಿಟ್ಟೆ. ಮೊದಲು ‘ಚುಂಯ್’ ಅಂತ ಸಣ್ಣ ಸದ್ದು. ಆಮೇಲೆ ಅಚ್ಚಿನ ಬಾಯಲ್ಲಿ ಬುಳುಬುಳು ಗುಳ್ಳೆ. ಕೈ ಹಿಂದೆ ತೆಗೆಯುವಷ್ಟರಲ್ಲಿ ಬೆಳ್ಳಿಯ ಚುಕ್ಕೆಗಳು ಮೇಲಕ್ಕೆ ಹಾರಿದವು. ಒಂದು ಕನ್ನಡಕದ ಗಾಜಿಗೆ ಅಂಟಿತು, ಸರಿಯಾಗಿ ಎಡಗಣ್ಣಿನ ಎದುರಿಗೆ. ಇನ್ನೊಂದು ಅಂಗಿಯ ತೋಳಿನಲ್ಲಿ ತೂತು ಕೊರೆಯಿತು. ಆ ಕನ್ನಡಕ ಇವತ್ತಿಗೂ ಎರಕದ ಡಬ್ಬದಲ್ಲೇ ಇದೆ. ಗೀರಿ ತೆಗೆಯಲು ನೋಡಿದೆ, ಬರಲಿಲ್ಲ.

ಪಕ್ಕದ ಮನೆಯ ಮಾವ ಬೇಲಿಯಾಚೆ ನಿಂತು ಎಲ್ಲ ನೋಡಿದ್ದರು. ಬಲೆ ಮುಳುಗಲು ಕಟ್ಟುವ ಸೀಸದ ಮಣಿ ಹೊಯ್ದು ಹೊಯ್ದು ಕೈ ಪಳಗಿದವರು. ಹೇಳಿದ್ದು ಒಂದೇ ಮಾತು: “ಹಸಿ ಅಚ್ಚಿಗೆ ಹೊಯ್ಬೇಡ ಮಾರಾಯಾ, ಮೋರೆಗ್ ಹಾರತ್ತ್ ಕಾಣ್.”

ಅಲ್ಲಿಂದ ಈಚೆಗೆ ಕೆಟ್ಟ ಗುಂಡುಗಳನ್ನು ಎಸೆಯದೆ ಸಾಲಾಗಿ ಇಟ್ಟು ನೋಡುವ ಅಭ್ಯಾಸ ಆಯಿತು. ನೋಡುತ್ತಾ ಹೋದಂತೆ ಒಂದು ಗೊತ್ತಾಯಿತು. ಸೀಸದ ಗುಂಡು ಯಾವ ರೀತಿ ಕೆಟ್ಟಿದ್ದರೂ ಮೊದಲು ಅನುಮಾನ ಪಡಬೇಕಾದ್ದು ನೀರಿನ ಮೇಲೆ. ಎರಡನೆಯದು ಶಾಖ. ಆಮೇಲೆ ಉಳಿದದ್ದು. ಈ ಬರಹವೂ ಅದೇ ಕ್ರಮದಲ್ಲಿದೆ.

ಒಲೆ ಹಚ್ಚುವ ಮೊದಲು

ಸೀಸ ವಿಷ. ಮೈಯಲ್ಲಿ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ, ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಇನ್ನೂ ಹೆಚ್ಚು. ಆದ್ದರಿಂದ ಈ ಕೆಲಸ ಅಡುಗೆಮನೆಯಲ್ಲಿ ಬೇಡವೇ ಬೇಡ. ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಮಕ್ಕಳು ಬಸುರಿಯರು ಹತ್ತಿರ ಇಲ್ಲದ ಹೊತ್ತಲ್ಲಿ ಮಾಡಿ. ಪಾತ್ರೆ, ಸೌಟು, ಇಕ್ಕಳ ಎಲ್ಲ ಬೇರೆಯೇ ಇರಲಿ. ಅವು ಮತ್ತೆ ಅನ್ನ ಸಾರಿಗೆ ಬರಬಾರದು.

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. 400ರ ಒಳಗೆ ಇಟ್ಟುಕೊಂಡರೆ ಹೊಗೆ ಕಮ್ಮಿ. 500ರ ಹತ್ತಿರ ಹೋದರೆ ಕಣ್ಣಿಗೆ ಕಾಣದ ಹೊಗೆ ಲೆಕ್ಕಕ್ಕೆ ಬರುವಷ್ಟು ಏಳುತ್ತದೆ. ಆದರೆ ಮನೆಯ ಮಟ್ಟದಲ್ಲಿ ನನಗೆ ಹೆಚ್ಚು ಹೆದರಿಕೆ ಹೊಗೆಯದ್ದಲ್ಲ, ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟದ್ದು. ಅದು ಪುಡಿಯಾಗಿ ಕೈಗೆ, ಬಟ್ಟೆಗೆ, ಅಲ್ಲಿಂದ ಬಾಯಿಗೆ ಹೋಗುತ್ತದೆ. ಬಟ್ಟೆ ಮಾಸ್ಕ್ ಏನೂ ಪ್ರಯೋಜನ ಇಲ್ಲ, ಸಣ್ಣ ಧೂಳು, ಹೊಗೆಯ ಕಣವನ್ನೂ ತಡೆಯುವ ಪಿ-100 ಫಿಲ್ಟರ್ ಇರುವ ಮಾಸ್ಕ್ ಬೇಕು. ಮುಖಕ್ಕೆ ಪೂರ್ತಿ ಮುಚ್ಚುವ ಶೀಲ್ಡ್, ಚರ್ಮದ ಗ್ಲೌಸ್, ಉದ್ದ ಹತ್ತಿ ಪ್ಯಾಂಟು, ಮುಚ್ಚಿದ ಶೂ. ಹವಾಯಿ ಚಪ್ಪಲಿಯಲ್ಲಿ ನಿಂತು ಸೀಸ ಹೊಯ್ಯುವವರನ್ನು ನೋಡಿದರೆ ನನಗೆ ಮೈ ಜುಂ ಅನ್ನುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವ ತನಕ ಬೀಡಿಯೂ ಇಲ್ಲ, ಚಹಾವೂ ಇಲ್ಲ. ಬಟ್ಟೆ ಬೇರೆಯಾಗಿ ಒಗೆಯಿರಿ.

ಸೀಸ ಸಿಡಿಯುತ್ತಿದೆ, ಬಾಯಲ್ಲಿ ಗುಳ್ಳೆ ಏಳುತ್ತಿದೆ

ಹೊಯ್ಯುವುದನ್ನು ಅಲ್ಲಿಗೇ ನಿಲ್ಲಿಸಿ. ಸೌಟು ಇಳಿಸಿ, ಎರಡು ಹೆಜ್ಜೆ ಹಿಂದೆ ಬನ್ನಿ. ‘ಇನ್ನೊಂದು ಸಲ ನೋಡೋಣ’ ಅನ್ನುವ ಹಟ ಬೇಡ.

ಕಾರಣ ನೀರು. ಒಂದು ಹನಿ ನೀರು ಹಬೆಯಾದರೆ ಅದರ ಗಾತ್ರ 1,600 ಪಟ್ಟಿಗಿಂತ ಹೆಚ್ಚಾಗುತ್ತದೆ. ಆ ಹಬೆಗೆ ಹೋಗಲು ಇರುವ ದಾರಿ ಒಂದೇ, ನೀವು ಸೀಸ ಬಿಡುತ್ತಿರುವ ಬಾಯಿ. ಅದು ಸೀಸವನ್ನೂ ಹೊತ್ತುಕೊಂಡೇ ಹೊರಗೆ ಬರುತ್ತದೆ.

ಒಣಗಿದ ಅಚ್ಚಿನಲ್ಲಿ ನೀರು ಎಲ್ಲಿಂದ ಬಂತು? ಇದಕ್ಕೆ ಲೆಕ್ಕ ಹಾಕಿ ನೋಡಿದರೆ ಗಾಬರಿಯಾಗುತ್ತದೆ. ನಾನು ಸಾಮಾನ್ಯವಾಗಿ 500 ಗ್ರಾಂ ಪಿಓಪಿಗೆ 325 ಮಿಲಿ ನೀರು ಹಾಕುತ್ತೇನೆ. ಅಷ್ಟು ಹಾಕದಿದ್ದರೆ ಹೊಯ್ಯುವಷ್ಟು ತೆಳ್ಳಗಾಗುವುದಿಲ್ಲ. ಆದರೆ ಪಿಓಪಿ ಗಟ್ಟಿಯಾಗುವಾಗ ತನ್ನೊಳಗೆ ಕಟ್ಟಿಕೊಳ್ಳುವ ನೀರು 100 ಗ್ರಾಮಿಗೆ ಸುಮಾರು 18.6 ಗ್ರಾಂ ಮಾತ್ರ. ಅಂದರೆ 500 ಗ್ರಾಮಿಗೆ 93. ಉಳಿದ 232 ಗ್ರಾಂ, ಹೆಚ್ಚುಕಮ್ಮಿ ಒಂದು ದೊಡ್ಡ ಲೋಟ ನೀರು, ಗಟ್ಟಿಯಾದ ಅಚ್ಚಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಸುಮ್ನೆ ಕೂತಿರುತ್ತದೆ. ಹೊರಮೈ ಒಣಗಿ ಬೆಳ್ಳಗಾಗುತ್ತದೆ, ಒಳಗೆ ಲೋಟದ ನೀರು ಹಾಗೇ ಇರುತ್ತದೆ. ನನ್ನ ಕನ್ನಡಕಕ್ಕೆ ಚುಕ್ಕೆ ಬಿದ್ದದ್ದು ಈ ಲೋಟದಿಂದಲೇ.

ಹಾಗಾಗಿ ಅಚ್ಚು ಒಣಗಿದೆಯೋ ಇಲ್ಲವೋ ಅಂತ ಕೈ ಹೇಳುವುದಿಲ್ಲ, ತಕ್ಕಡಿ ಹೇಳುತ್ತದೆ. ಹೊಯ್ದ ದಿನ ಅಚ್ಚಿನ ತೂಕ ಸುಮಾರು 825 ಗ್ರಾಂ ಇತ್ತು ಅಂದುಕೊಳ್ಳಿ. ಪೂರ್ತಿ ಒಣಗಿದಾಗ ಅದು 590–600ರ ಆಸುಪಾಸಿಗೆ ಬರಬೇಕು. ಅಂಗಡಿ ಪಿಓಪಿ ಪೂರ್ತಿ ಶುದ್ಧ ಅಲ್ಲ, ಅದಕ್ಕೇ ಆಸುಪಾಸು ಅಂದೆ. 700 ತೋರಿಸುತ್ತಿದ್ದರೆ ಇನ್ನೂ 100 ಗ್ರಾಂ ನೀರು ಒಳಗಿದೆ ಅಂತಲೇ ಅರ್ಥ. ಪೆನ್ಸಿಲ್‌ನಲ್ಲಿ ಅಚ್ಚಿನ ಬೆನ್ನ ಮೇಲೆಯೇ ತಾರೀಕು, ತೂಕ ಬರೆದಿಡಿ.

ಒಣಗಿಸುವುದು ಎರಡು ಹಂತ. ಮೊದಲು ಒಂದು ವಾರ ನೆರಳಲ್ಲಿ, ಗಾಳಿಯಾಡುವ ಕಡೆ, ಎರಡು ಭಾಗ ಬಿಡಿಸಿ ಇಡಿ. ಬಿಸಿಲಿನ ಕಾಲದಲ್ಲಿ ಇಷ್ಟಕ್ಕೇ ಮುಕ್ಕಾಲು ಕೆಲಸ ಆಗುತ್ತದೆ. ಮಳೆಗಾಲದಲ್ಲಿ ನಾನು ಹೊಸ ಅಚ್ಚನ್ನು ಬಚ್ಚಲ ಹಂಡೆ ಒಲೆಯ ಕಟ್ಟೆಯ ಮೇಲೆ ಇಡುತ್ತೇನೆ. ಬೆಳಿಗ್ಗೆ ಸಂಜೆ ಬೆಂಕಿ ಹಾಕುವುದರಿಂದ ಕಟ್ಟೆ ಇಡೀ ದಿನ ಬೆಚ್ಚಗಿರುತ್ತದೆ. ಎರಡನೇ ಹಂತ ಓವನ್. 100 ಡಿಗ್ರಿಯ ಹತ್ತಿರ ಕೆಲವು ಗಂಟೆ ಇಟ್ಟು, ಗಂಟೆಗೊಮ್ಮೆ ತೂಕ ನೋಡಿ. ಎರಡು ಸಲ ಒಂದೇ ತೂಕ ಬಂದರೆ ಮುಗಿಯಿತು. ಅವಸರಕ್ಕೆ 200ಕ್ಕೆ ಏರಿಸಬೇಡಿ. ಆಗ ಹೊರಗಿನ ನೀರಿನ ಜೊತೆಗೆ ಪಿಓಪಿ ಕಟ್ಟಿಕೊಂಡಿದ್ದ ನೀರೂ ಹೊರಟುಹೋಗಿ ಅಚ್ಚು ಸುಣ್ಣದ ಹಾಗೆ ಪುಡಿಯಾಗುತ್ತದೆ.

ಒಂದು ಎಚ್ಚರಿಕೆ. ಓವನ್ನಾಗಲಿ ಬಚ್ಚಲ ಒಲೆಯಾಗಲಿ, ಅದು ಇನ್ನೂ ಸೀಸ ಕಾಣದ ಹೊಸ ಅಚ್ಚಿಗೆ ಮಾತ್ರ. ಒಂದು ಸಲ ಸೀಸ ಹೊಯ್ದ ಅಚ್ಚು ಅಡುಗೆಯ ಓವನ್ ಒಳಗೆ ಹೋಗಬಾರದು. ಅದಕ್ಕೆ ಎರಕದ ಒಲೆಯ ಪಕ್ಕವೇ ಜಾಗ.

‘ನಿನ್ನೆ ಚೆನ್ನಾಗಿ ಬಂತು, ಇವತ್ತು ಸಿಡಿಯುತ್ತಿದೆ’ ಅಂತ ಹೇಳುವವರಿದ್ದಾರೆ. ಕರಾವಳಿಯ ಮಳೆಗಾಲದಲ್ಲಿ ಇದು ಮಾಮೂಲು. ಒಣ ಪಿಓಪಿ ರಾತ್ರಿಯಿಡೀ ಗಾಳಿಯಿಂದ ತೇವ ಹೀರಿಕೊಂಡಿರುತ್ತದೆ. ಪ್ರತಿ ಸಲ ಹೊಯ್ಯುವ ಮೊದಲು ಅಚ್ಚನ್ನು ಮತ್ತೆ ಬೆಚ್ಚಗೆ ಮಾಡಿಕೊಳ್ಳಲೇಬೇಕು. ಬೆಚ್ಚಗಾದ ಅಚ್ಚಿನ ಬಾಯಿಯ ಮೇಲೆ ಒಂದು ತಣ್ಣನೆಯ ಗಾಜಿನ ತುಂಡನ್ನೋ ಸ್ಟೀಲ್ ತಟ್ಟೆಯನ್ನೋ ಹಿಡಿಯಿರಿ. ಮಂಜು ಕಟ್ಟಿದರೆ ಒಳಗೆ ತೇವ ಇನ್ನೂ ಇದೆ. ಕಟ್ಟದಿದ್ದರೆ ಮೊದಲ ಸಲ ಚಮಚದಷ್ಟೇ ಸೀಸ ಬಿಟ್ಟು, ಸದ್ದು ಕೇಳಿಸಿಕೊಂಡು, ಆಮೇಲೆ ಮುಂದುವರಿಯಿರಿ.

ಅಚ್ಚು ಸರಿಯಿದ್ದೂ ಪಾತ್ರೆಯಲ್ಲೇ ಸೀಸ ಸಿಡಿದರೆ ನೀರು ಬೇರೆ ಕಡೆಯಿಂದ ಬಂದಿದೆ. ಹಸಿ ಸೌಟು, ಮಾಡಿನಿಂದ ಬಿದ್ದ ಒಂದು ಮಳೆಹನಿ, ಹಣೆಯ ಬೆವರು. ಹೊಳೆಯಲ್ಲಿ ಸಿಕ್ಕಿದ ಹಳೆ ಗುಂಡು ಇನ್ನೂ ಅಪಾಯ. ಅದರ ಬಿರುಕಿನಲ್ಲಿ, ತೂತಿನಲ್ಲಿ ನೀರು ಅಡಗಿರುತ್ತದೆ. ಕರಗಿದ ಸೀಸಕ್ಕೆ ಅಂಥದ್ದನ್ನು ಎಂದೂ ಹಾಕಬೇಡಿ. ತಣ್ಣನೆಯ ಪಾತ್ರೆಗೆ ಮೊದಲೇ ತುಂಬಿ, ನಿಧಾನ ಬಿಸಿಮಾಡಿದರೆ ಸೀಸ ಕರಗುವ ಮೊದಲೇ ನೀರು ಹಾರಿಹೋಗುತ್ತದೆ. ಬಿಸಿ ಗುಂಡನ್ನು ಬಕೆಟ್ ನೀರಲ್ಲಿ ಅದ್ದಿ ತಣಿಸುವ ಚಾಳಿಯೂ ಬೇಡ. ಒಲೆ ಹತ್ತಿರ ಬಕೆಟ್ಟೇ ಬೇಡ.

ಗುಂಡು ಅರ್ಧಕ್ಕೇ ನಿಂತಿದೆ, ಮೈಯೆಲ್ಲ ಸುಕ್ಕು

ಗುಂಡು ಮುದುಕರ ಕೈಯ ಹಾಗೆ ಸುಕ್ಕುಸುಕ್ಕಾಗಿದೆಯೇ? ಬಾಲದ ಕಡೆ ತುಂಬದೆ ದುಂಡಗೆ ನಿಂತಿದೆಯೇ? ಸೀಸ ಅಚ್ಚು ತುಂಬುವ ಮೊದಲೇ ಹೆಪ್ಪುಗಟ್ಟಿದೆ. ಅಚ್ಚು ತಣ್ಣಗಿತ್ತು, ಇಲ್ಲವೇ ಸೀಸ ತಣ್ಣಗಿತ್ತು. ಯಾವುದು ಅಂತ ತಿಳಿಯುವುದು ಸುಲಭ. ಒಂದರ ಹಿಂದೆ ಒಂದು ಐದಾರು ಗುಂಡು ಹೊಯ್ಯಿರಿ. ಮೊದಲ ಎರಡು ಕೆಟ್ಟು, ಆಮೇಲಿನವು ಸುಧಾರಿಸುತ್ತಾ ಹೋದರೆ ಅಚ್ಚಿನ ಚಳಿ. ಅದು ಹೊಯ್ಯುತ್ತಾ ಹೊಯ್ಯುತ್ತಾ ಬಿಸಿಯಾಗುತ್ತದೆ. ಆರನೆಯದೂ ಅದೇ ಸುಕ್ಕು ಅಂದರೆ ಸೀಸವೇ ತಣ್ಣಗಿದೆ. ಮೊದಲ ಎರಡು ಮೂರು ಗುಂಡು ಹಾಳಾಗುವುದು ದೋಷ ಅಲ್ಲ. ಮೊದಲ ದೋಸೆ ಏಳುವುದಿಲ್ಲ ಅಲ್ವಾ, ಹಾಗೆ. ಮತ್ತೆ ಪಾತ್ರೆಗೆ ಹಾಕಿ.

ಸೀಸ 360ರಿಂದ 400 ಡಿಗ್ರಿಯ ನಡುವೆ ಇರಲಿ. ಇಲ್ಲಿ ಒಂದು ಮೋಸ ಇದೆ. ಈಗ ಎಲ್ಲರ ಕೈಯಲ್ಲೂ ಗನ್ ಥರ್ಮಾಮೀಟರ್ ಇದೆ. ಅದನ್ನು ಕರಗಿದ ಸೀಸದ ಕಡೆ ಹಿಡಿದರೆ ನೂರಾರು ಡಿಗ್ರಿ ಕಮ್ಮಿ ತೋರಿಸಬಹುದು. ಕನ್ನಡಿಯಂತೆ ಹೊಳೆಯುವ ಲೋಹದ ಶಾಖ ಆ ಗನ್ನಿಗೆ ಸರಿಯಾಗಿ ಕಾಣುವುದಿಲ್ಲ. ಕಮ್ಮಿ ತೋರಿಸಿತು ಅಂತ ಬೆಂಕಿ ಜಾಸ್ತಿ ಮಾಡಿದರೆ ಸೀಸ 500 ದಾಟಿರುತ್ತದೆ, ನಿಮಗೆ ಗೊತ್ತೇ ಆಗಿರುವುದಿಲ್ಲ. ಸೀಸದೊಳಗೆ ಮುಳುಗಿಸಿ ಶಾಖ ಅಳೆಯುವ ಕೆ-ಟೈಪ್ ಥರ್ಮೋಕಪಲ್ ಕಡ್ಡಿ ಒಳ್ಳೆಯದು. ಮಲ್ಟಿಮೀಟರ್ ಜೊತೆ ಬರುವ ತಂತಿಯಂಥ ಥರ್ಮೋಕಪಲ್ ಇಷ್ಟು ಶಾಖ ತಾಳುತ್ತದೆಯೇ ಅಂತ ನೋಡಿಕೊಳ್ಳಿ.

ಮೀಟರ್ ಇಲ್ಲದವರಿಗೆ ಸೀಸವೇ ಹೇಳುತ್ತದೆ. ಕಿಟ್ಟ ಸರಿಸಿ ಮೇಲ್ಮೈ ನೋಡಿ. ಕೊಂಚ ಹೊತ್ತು ಬೆಳ್ಳಿಯಂತೆ ಇದ್ದು ಆಮೇಲೆ ಮಂಕಾದರೆ ಹದ. ಸರಿಸಿದ ಕೂಡಲೇ ಹಳದಿ, ನೇರಳೆ, ನೀಲಿ ಬಣ್ಣ ಓಡಾಡಿದರೆ ವಿಪರೀತ ಬಿಸಿಯಾಗಿದೆ. ಗುಂಡಿನಲ್ಲೂ ಗುರುತು ಸಿಗುತ್ತದೆ. ಸುಕ್ಕಿದ್ದರೆ ಶಾಖ ಕಮ್ಮಿ. ಇಬ್ಬನಿ ಬಿದ್ದ ಗಾಜಿನ ಹಾಗೆ ಮಸುಕು ಬಿಳುಪು ಇದ್ದರೆ ಶಾಖ ಹೆಚ್ಚು. ಆ ಮಸುಕಿನಿಂದ ಮೀನಿಗೇನೂ ಬೇಸರ ಇಲ್ಲ, ಆದರೆ ಅಚ್ಚು ಬೇಗ ಸಾಯುತ್ತದೆ.

ಸೀಸವೂ ಬಿಸಿ, ಅಚ್ಚೂ ಬಿಸಿ, ಆದರೂ ಪ್ರತಿ ಸಲ ಅದೇ ಒಂದು ಮೂಲೆ ತುಂಬುವುದಿಲ್ಲವೇ? ಅಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿದೆ. ಸೀಸ ಒಳಗೆ ಬರಬೇಕಾದರೆ ಗಾಳಿ ಹೊರಗೆ ಹೋಗಬೇಕು. ಆ ಮೂಲೆಯಿಂದ ಅಚ್ಚಿನ ಹೊರ ಅಂಚಿನ ತನಕ, ಎರಡು ಅರ್ಧಗಳು ಕೂಡುವ ಮೈಯಲ್ಲಿ ಒಂದು ಬದಿಗೆ, ಸೂಜಿಯಿಂದ ಸಣ್ಣ ಗೆರೆ ಕೊರೆಯಿರಿ. ಕೂದಲಿಗಿಂತ ಸ್ವಲ್ಪ ದಪ್ಪ ಸಾಕು. ಗಾಳಿ ಹೋಗುತ್ತದೆ, ಸೀಸ ಅಲ್ಲಿ ತಕ್ಷಣ ಹೆಪ್ಪುಗಟ್ಟುತ್ತದೆ. ಹೊಯ್ಯುವ ಬಾಯಿಯೂ ಪೆನ್ನಿನಷ್ಟು ದಪ್ಪ ಇರಲಿ, ಮೇಲೆ ಆಲಿಕೆಯ ಹಾಗೆ ಅಗಲವಾಗಲಿ. ಕಡ್ಡಿ ತೂರುವಷ್ಟು ಬಾಯಿ ಬಿಟ್ಟು, ಗುಂಡು ತುಂಬಲಿಲ್ಲ ಅಂತ ಗೊಣಗಿದವನು ನಾನೇ.

ಇದೇ ಸಾಲಿನ ಇನ್ನೊಂದು ದೋಷ, ಗುಂಡಿನ ನಡುವೆ ಸೊಂಟದ ಪಟ್ಟಿಯ ಹಾಗೆ ಅಡ್ಡಗೆರೆ. ಒಂದೇ ಧಾರೆಯಲ್ಲಿ ಹೊಯ್ಯದೆ ಮಧ್ಯೆ ನಿಲ್ಲಿಸಿದ್ದೀರಿ. ಮೊದಲು ಹೋದದ್ದು ಹೆಪ್ಪಾಯಿತು, ಆಮೇಲೆ ಹೋದದ್ದು ಮೇಲೆ ಕೂತಿತು. ಎರಡೂ ಬೆಸೆದಿಲ್ಲ. ಎಸೆಯುವಾಗ ಅರ್ಧ ಗುಂಡು ಒಂದು ಕಡೆ, ಗಾಳ ಇನ್ನೊಂದು ಕಡೆ. ಒಂದು ಗುಂಡಿಗೆ ಬೇಕಾದಷ್ಟು ಒಂದೇ ಸೌಟಿನಲ್ಲಿ ಹಿಡಿಯುವಂತಿರಲಿ.

ಸೀಸ ಗಂಜಿಯಂತಾಗಿದೆ

ಸಾಕಷ್ಟು ಬಿಸಿಯಿದೆ, ಆದರೆ ಹರಿಯುವುದಿಲ್ಲ. ಕಲಕಿದರೆ ಗಂಜಿ ಕಲಕಿದ ಹಾಗೆ, ಮೇಲೆ ಎಷ್ಟು ತೆಗೆದರೂ ಮುಗಿಯದ ಕಿಟ್ಟ. ಇದು ಹೆಚ್ಚಾಗಿ ಸತು. ಟಯರ್ ಅಂಗಡಿಯಿಂದ ಚಕ್ರದ ತೂಕದ ತುಂಡುಗಳನ್ನು ತಂದಿದ್ದರೆ ಅನುಮಾನವೇ ಬೇಡ. ಮೊದಲೆಲ್ಲ ಅವು ಸೀಸದವೇ ಆಗಿದ್ದವು. ಈಗ ಸತು, ಕಬ್ಬಿಣ ಎಲ್ಲ ಬೆರೆತಿರುತ್ತವೆ. ತುಂಬ ತುಂಡುಗಳ ಮೇಲೆ ಲೋಹದ ಇಂಗ್ಲಿಷ್ ಗುರುತು ಇರುತ್ತದೆ: ಪಿಬಿ ಅಂದರೆ ಸೀಸ, ಝಡ್‌ಎನ್ ಅಂದರೆ ಸತು, ಎಫ್‌ಇ ಅಂದರೆ ಕಬ್ಬಿಣ. ಗುರುತಿಲ್ಲದಿದ್ದರೆ ಚಾಕುವಿನಿಂದ ಗೀರಿ. ಸೀಸ ಬೆಣ್ಣೆಯಂತೆ ಕೊರೆಯುತ್ತದೆ, ಸತು ಜಾರುತ್ತದೆ. ಸಿಮೆಂಟ್ ನೆಲದ ಮೇಲೆ ಬೀಳಿಸಿದರೆ ಸೀಸ ‘ದಬ್’ ಅನ್ನುತ್ತದೆ, ಸತು ‘ಟಿಣ್’ ಅನ್ನುತ್ತದೆ.

ಸತು ಕರಗುವುದು 419 ಡಿಗ್ರಿಯಲ್ಲಿ. ಸೀಸವನ್ನು 400ರ ಒಳಗೆ ಇಟ್ಟಿದ್ದರೆ ಸತುವಿನ ತುಂಡು ಕರಗದೆ ಮೇಲೆ ತೇಲುತ್ತದೆ, ಇಕ್ಕಳದಿಂದ ಎತ್ತಿಹಾಕಬಹುದು. ಬೆಂಕಿ ಜಾಸ್ತಿ ಮಾಡಿ ಕರಗಿಸಿಬಿಟ್ಟಿದ್ದರೆ ಆ ಪಾತ್ರೆಯ ಸೀಸ ಮನೆಯಲ್ಲಿ ಸರಿಯಾಗುವುದಿಲ್ಲ. ಗಟ್ಟಿ ಮಾಡಿ, ಗುಜರಿಯವರಿಗೆ ಇದರಲ್ಲಿ ಸತು ಬೆರೆತಿದೆ ಅಂತ ಹೇಳಿಯೇ ಕೊಡಿ.

ಸತು ಅಲ್ಲದೆ ಬರೀ ಕಿಟ್ಟ ಜಾಸ್ತಿಯಾಗಿದ್ದರೆ ಮೇಣದಬತ್ತಿಯ ಒಂದು ತುಂಡು ಹಾಕಿ, ದೂರ ನಿಂತು, ಉದ್ದ ಹಿಡಿಯ ಸೌಟಿನಿಂದ ಕಲಕಿ. ಮೇಣ ಹೊಗೆಯಾಗಿ ಭಗ್ ಅಂತ ಹತ್ತಿಕೊಳ್ಳುತ್ತದೆ, ಹೆದರಬೇಡಿ, ಆದರೆ ಮುಖ ಹತ್ತಿರ ಬೇಡ. ಒಳ್ಳೆಯ ಸೀಸ ಕೆಳಗೆ ಇಳಿಯುತ್ತದೆ, ಕಸ ಮೇಲೆ ಉಳಿಯುತ್ತದೆ.

ಹಳೆ ಬ್ಯಾಟರಿ ಒಡೆದು ಸೀಸ ತೆಗೆಯುವ ಯೋಚನೆ ಇದ್ದರೆ ಈಗಲೇ ಬಿಡಿ. ಆಸಿಡ್ ಒಂದು ಕಡೆ. ಅದರ ತಗಡಿನಲ್ಲಿ ಆಂಟಿಮನಿ, ಆರ್ಸೆನಿಕ್ ಇರುತ್ತವೆ. ಅದರ ಕಿಟ್ಟಕ್ಕೆ ತೇವ ತಾಗಿದರೆ ಕೊಲ್ಲುವಂಥ ಅನಿಲ ಹುಟ್ಟಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು. ಹಳೆ ಟೆಲಿಫೋನ್ ಕೇಬಲ್ಲಿನ ಸೀಸದ ಹೊದಿಕೆ ಗುಜರಿಯಲ್ಲಿ ಸಿಕ್ಕಿದರೆ ನಿಮ್ಮ ಅದೃಷ್ಟ. ಮೆತ್ತಗೆ, ಸ್ವಚ್ಛ.

ಪಾತ್ರೆಯ ಬಗ್ಗೆ ಎರಡು ಮಾತು. ಬೀಡು ಕಬ್ಬಿಣ ಅಥವಾ ದಪ್ಪ ಸ್ಟೀಲ್ ಆಗಲಿ. ಅಲ್ಯೂಮಿನಿಯಂ ಬೇಡ, ಬಿಸಿಗೆ ಮೆತ್ತಗಾಗಿ ತಳ ಬಿಡುತ್ತದೆ. ಸತುವಿನ ಲೇಪ ಇರುವ ಜಿಐ ಡಬ್ಬ ಬೇಡ. ತವರದ ಬೆಸುಗೆ ಹಾಕಿದ ಹಿಡಿಯ ಸೌಟು ಬೇಡವೇ ಬೇಡ. ಸಾಮಾನ್ಯವಾಗಿ ಅದು 190 ಡಿಗ್ರಿಗೇ ಕರಗುತ್ತದೆ, ಹಿಡಿ ನಿಮ್ಮ ಕೈಯಲ್ಲಿ ಉಳಿದು ಸೀಸ ಕಾಲ ಮೇಲೆ ಬೀಳುತ್ತದೆ.

ಉಬ್ಬೋ, ತಗ್ಗೋ?

ಗುಂಡಿನ ಮೈ ಮೇಲೆ ಬೆರಳಾಡಿಸಿ. ಬೆವರುಸಾಲೆಯ ಹಾಗೆ ಸಣ್ಣ ಗುಳ್ಳೆಗಳು ಎದ್ದಿದ್ದರೆ ತಪ್ಪು ಆದದ್ದು ಅಚ್ಚು ಮಾಡಿದ ದಿನ. ಪಿಓಪಿಯಲ್ಲಿ ಗಾಳಿಗುಳ್ಳೆ ಇತ್ತು, ಅದರೊಳಗೆ ಸೀಸ ಹೋಗಿ ಕೂತಿದೆ. ಸಣ್ಣ ಗುಳಿಗಳು, ಸೂಜಿ ತೂತುಗಳು ಇದ್ದರೆ ತಪ್ಪು ಆದದ್ದು ಹೊಯ್ದ ದಿನ. ಹಬೆ, ಗಾಳಿ ಅಥವಾ ಕಿಟ್ಟದ ತುಣುಕು. ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ದಿನದ ತಲೆನೋವು ಉಳಿಯುತ್ತದೆ.

ಉಬ್ಬಿಗೆ ಪರಿಹಾರ ಮುಂದಿನ ಅಚ್ಚಿನಲ್ಲಿ. ಪಿಓಪಿಗೆ ನೀರು ಸುರಿಯಬೇಡಿ. ನೀರಿಗೆ ಪಿಓಪಿಯನ್ನು ಅಂಬಲಿಗೆ ಹಿಟ್ಟು ಉದುರಿಸುವ ಹಾಗೆ ಉದುರಿಸಿ. ಒಂದೆರಡು ನಿಮಿಷ ಮುಟ್ಟದೆ ನೆನೆಯಲು ಬಿಡಿ. ಆಮೇಲೆ ಗಾಳಿ ಸೇರದಂತೆ ನಿಧಾನ ಕಲಕಿ. ಅಚ್ಚು ತೆಗೆಯಲು ಇಟ್ಟ ಮಾದರಿ ಗುಂಡಿನ ಮೇಲೆ ಮೊದಲು ಬ್ರಶ್ಶಿನಿಂದ ತೆಳ್ಳಗೆ ಸವರಿ, ನಂತರ ಉಳಿದದ್ದನ್ನು ಹೊಯ್ದು ಪೆಟ್ಟಿಗೆಯನ್ನು ಮೇಜಿಗೆ ಕುಟ್ಟಿ. ಗಟ್ಟಿಯಾಗುವಾಗ ಪಿಓಪಿ ಚೆನ್ನಾಗಿ ಬಿಸಿಯಾಗುತ್ತದೆ, ಕೈ ಒಳಗೆ ಇಟ್ಟುಕೊಂಡು ಕೂರಬೇಡಿ. ಉಳಿದದ್ದನ್ನು ಸಿಂಕಿಗೆ ತೊಳೆದರೆ ಪ್ಲಂಬರ್ ಬರಬೇಕಾಗುತ್ತದೆ.

ಪಿಓಪಿ ಕಲಸುತ್ತಿರುವಾಗಲೇ ಗಡ್ಡೆ ಕಟ್ಟಿ, ಆಮೇಲೆ ಉಗುರಿಗೆ ಪುಡಿಯಾಗುತ್ತಿದ್ದರೆ ಪೊಟ್ಟಣ ಹಳೆಯದು. ತೇವ ಹೀರಿ ಅರ್ಧ ಗಟ್ಟಿಯಾದ ಸರಕು. ಎಸೆದು ಹೊಸದು ತನ್ನಿ, ಉಳಿದದ್ದನ್ನು ಗಾಳಿಯಾಡದ ಡಬ್ಬದಲ್ಲಿಡಿ.

ತೂಕ ಕಮ್ಮಿ ಬರುತ್ತಿದೆ

ಹೊರಗಿನಿಂದ ನೋಡಲು ಚೆಂದ, ತಕ್ಕಡಿಗೆ ಹಾಕಿದರೆ 60 ಗ್ರಾಂ ಬರಬೇಕಾದಲ್ಲಿ 52. ಒಂದೋ ಒಳಗೆ ಪೊಳ್ಳು, ಇಲ್ಲವೇ ಸೀಸ ಶುದ್ಧ ಇಲ್ಲ, ಇಲ್ಲವೇ ಮಾದರಿಯೇ ಸಣ್ಣದು. ಬಿಡಿಸಿ ನೋಡಲು ಒಂದು ಉಪಾಯ. 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಗುಂಡಿಗೆ ದಾರ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಗ್ರಾಂ ಅಂದರೆ ಗುಂಡಿನ ಗಾತ್ರ, ಮಿಲಿಲೀಟರ್‌ನಲ್ಲಿ. ಗುಂಡಿನ ತೂಕವನ್ನು ಅದರಿಂದ ಭಾಗಿಸಿ. 11.3ರ ಹತ್ತಿರ ಬಂದರೆ ಒಳ್ಳೆಯ ಗಟ್ಟಿ ಸೀಸ, ಮಾದರಿ ಸಣ್ಣದಾಯಿತು ಅಷ್ಟೇ. 9.8 ಬಂದರೆ ಒಳಗೆ ಪೊಳ್ಳಿದೆ ಅಥವಾ ಬೇರೆ ಲೋಹ ಬೆರೆತಿದೆ. ಗರಗಸದಿಂದ ಒಂದನ್ನು ಕೊಯ್ದು ನೋಡಿದರೆ ತೀರ್ಮಾನ ಸಿಗುತ್ತದೆ. ಪುಡಿ ಬೀಳುವ ಕಡೆ ಒದ್ದೆ ಪೇಪರ್ ಹಾಸಿಕೊಳ್ಳಿ, ಗ್ಲೌಸ್ ಬಿಚ್ಚಬೇಡಿ. ಲೋಟ ಮತ್ತೆ ಕುಡಿಯಲು ಬೇಡ.

ಪೊಳ್ಳಿಗೆ ಕಾರಣ ಸೀಸದ ಗುಣ. ಹೆಪ್ಪುಗಟ್ಟುವಾಗ ಅದು ಗಾತ್ರದಲ್ಲಿ ಸುಮಾರು ಶೇ 3.5ರಷ್ಟು ಕುಗ್ಗುತ್ತದೆ. ಆ ಕೊರತೆಯನ್ನು ಬಾಯಲ್ಲಿರುವ ಬಿಸಿ ಸೀಸ ತುಂಬಿಕೊಡಬೇಕು. ಬಾಯಿ ಸಣ್ಣದಿದ್ದರೆ ಅದೇ ಮೊದಲು ಹೆಪ್ಪಾಗಿ ಬಾಗಿಲು ಹಾಕಿಕೊಳ್ಳುತ್ತದೆ, ಒಳಗೆ ಪೊಳ್ಳು ಉಳಿಯುತ್ತದೆ. ಬಾಯಿ ದಪ್ಪ ಮಾಡಿ, ಆಲಿಕೆ ತುಂಬುವ ತನಕ ಹೊಯ್ಯಿರಿ. ಆಲಿಕೆಯ ನಡುವೆ ಗುಳಿ ಬಿದ್ದರೆ ಸಂತೋಷಪಡಿ. ಕುಗ್ಗಬೇಕಾದದ್ದು ಅಲ್ಲೇ ಕುಗ್ಗಿದೆ.

ಹೊಸ ಮಾದರಿ ಮಾಡುವಾಗ ಗಾತ್ರದ ಲೆಕ್ಕ ಇದೇ. 50 ಗ್ರಾಮಿಗೆ 4.4 ಮಿಲಿ, 100 ಗ್ರಾಮಿಗೆ 8.8. ಜೇಡಿಮಣ್ಣಿನ ಮಾದರಿಗೆ ಎಣ್ಣೆ ಸವರಿ ಇದೇ ಲೋಟದ ಉಪಾಯದಲ್ಲಿ ಅಳೆಯಿರಿ. ತೀರಾ ಸಣ್ಣ ಗುಂಡುಗಳನ್ನು ಸೀಸದಲ್ಲಿ ಮಾಡದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕಾಳು ಅಂತ ಹಕ್ಕಿಗಳು ನುಂಗುತ್ತವೆ. ಹಂಸಗಳು ಸಾಯುತ್ತಿದ್ದವೆಂದು ಬ್ರಿಟನ್ 1987ರಲ್ಲೇ 28.35 ಗ್ರಾಂ ತನಕದ ಹೆಚ್ಚಿನ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿತು. ಸಣ್ಣದಕ್ಕೆ ಕಬ್ಬಿಣದ ನಟ್ಟು ಕಟ್ಟಿದರೂ ನಡೆಯುತ್ತದೆ.

ರೆಕ್ಕೆ, ಸೊಟ್ಟ ಗುಂಡು

ಸುತ್ತ ತೆಳ್ಳನೆ ರೆಕ್ಕೆ ಬಂದರೆ ಎರಡು ಭಾಗ ಒತ್ತಿ ಕೂತಿಲ್ಲ. ನಡುವೆ ಹಳೆ ಸೀಸದ ಚೂರು ಸಿಕ್ಕಿರುತ್ತದೆ, ಬ್ರಶ್ಶಿನಿಂದ ತೆಗೆಯಿರಿ, ಬಾಯಿಂದ ಊದಬೇಡಿ. ಆಮೇಲೆ ಸಿ-ಕ್ಲ್ಯಾಂಪ್ ಹಾಕಿ ಎರಡೂ ಅರ್ಧ ಬಿಗಿಯಿರಿ. ಎರಡು ಅರ್ಧಗಳು ಪಕ್ಕಕ್ಕೆ ಜಾರಿ ಗುಂಡು ಸೊಟ್ಟ ಬಂದರೆ ಅಚ್ಚಿಗೆ ಗುರುತಿನ ಗುಳಿ ಇಲ್ಲ. ಮೊದಲ ಅರ್ಧ ಗಟ್ಟಿಯಾದ ಕೂಡಲೇ, ಇನ್ನೂ ಹಸಿಯಿರುವಾಗ, ನಾಣ್ಯದ ಅಂಚನ್ನು ತಿರುಗಿಸಿ ಎರಡು ಮೂರು ಗುಳಿ ಮಾಡಿ, ಸೋಪಿನ ನೀರು ಸವರಿ, ಎರಡನೇ ಅರ್ಧ ಹೊಯ್ಯಿರಿ.

ಗುಂಡು ಅಚ್ಚು ಬಿಟ್ಟು ಬರುತ್ತಿಲ್ಲ

ಚಾಕು ಹಾಕಿ ಎಬ್ಬಿಸಬೇಡಿ. ಪಿಓಪಿ ಕಿತ್ತು ಬರುತ್ತದೆ. ಅಚ್ಚು ತಿರುವಿ ಮರದ ಹಿಡಿಯಿಂದ ಬೆನ್ನಿಗೆ ಮೆಲ್ಲಗೆ ತಟ್ಟಿ. ಪ್ರತಿ ಸಲ ಒಂದೇ ಕಡೆ ಹಿಡಿದರೆ ಅಲ್ಲಿ ಒಳಗೆ ಬಾಗಿದ ಅಂಚಿದೆ, ಮಾದರಿಯನ್ನು ಸರಿಯಾಗಿ ಅರ್ಧಕ್ಕೆ ಹೂತಿರಲಿಲ್ಲ. ಮರಳು ಕಾಗದದ ತುಂಡಿನಿಂದ ಉಜ್ಜಿ ತೆಗೆಯಿರಿ. ಎಲ್ಲ ಕಡೆ ಹಿಡಿಯುತ್ತಿದ್ದರೆ ಮಸಿ ಹಿಡಿಸಿ. ಚಿಮಣಿ ದೀಪದ ಗಾಜು ತೆಗೆದು, ಹೊಗೆಯಾಡುವ ಬತ್ತಿಯ ಮೇಲೆ ಅಚ್ಚಿನ ಒಳಮೈ ಹಿಡಿದರೆ ಕಪ್ಪು ಪದರ ಕೂರುತ್ತದೆ. ಸೀಸ ಅಂಟುವುದೂ ಕಮ್ಮಿ, ತುಂಬುವುದೂ ಚೆನ್ನ. ಎಣ್ಣೆ, ಗ್ರೀಸು ಸವರಬೇಡಿ. ಬಿಸಿಗೆ ಹೊಗೆಯಾಗಿ ಮತ್ತೆ ಅದೇ ಗುಳ್ಳೆ.

ಬಲೆಮಣಿಗೆ ತೂತು ಬರಲು ನಡುವೆ ಇಟ್ಟ ತಂತಿ ಹಿಡಿದುಕೊಂಡರೆ ಅದಕ್ಕೂ ಇದೇ ಮಸಿ, ಇಲ್ಲವೇ ಮೆತ್ತನೆ ಪೆನ್ಸಿಲ್ ಉಜ್ಜಿ. ಗುಂಡು ಇನ್ನೂ ಬಿಸಿಯಿರುವಾಗಲೇ ಇಕ್ಕಳದಿಂದ ತಿರುಗಿಸುತ್ತಾ ಎಳೆಯಿರಿ. ಇದಕ್ಕೆ ವಿರುದ್ಧವಾದ ದೂರು, ಮೇಲಿನ ಕೊಂಡಿಯೇ ಕಿತ್ತುಬರುತ್ತದೆ ಅನ್ನುವುದು. ಒಳಗಿರುವ ತಂತಿಯ ತುದಿ ನೇರ ಇದ್ದರೆ ಜಾರುತ್ತದೆ. ಹಿತ್ತಾಳೆ ಅಥವಾ ಸ್ಟೀಲ್ ತಂತಿಯ ಎರಡೂ ತುದಿಯನ್ನು ಒಳಗೆ ಮಡಚಿ ಕೊಕ್ಕೆ ಮಾಡಿ.

ಅಚ್ಚು ಬಿರುಕು ಬಿಟ್ಟಿದೆ, ಒಳಮೈ ಪುಡಿಯಾಗುತ್ತಿದೆ

ಒಂದೇ ಸಲ ಬೆಂಕಿಗೆ ಹಿಡಿದರೆ, ಗೋಡೆ ತೆಳ್ಳಗಿದ್ದರೆ ಬಿರುಕು ಬರುತ್ತದೆ. ಸುತ್ತ 2–3 ಸೆಂಟಿಮೀಟರ್ ದಪ್ಪ ಇರಲಿ. ಕೂದಲೆಳೆ ಬಿರುಕಿಗೆ ಹೊರಗಿನಿಂದ ಕಬ್ಬಿಣದ ತಂತಿ ಬಿಗಿದು ಕೆಲಸ ಸಾಗಿಸಬಹುದು. ಬಿರುಕು ಒಳಮೈಯಿಂದ ಹೊರಮೈಗೆ ದಾಟಿದ್ದರೆ ಸೀಸ ಅಲ್ಲಿಂದ ಸೋರಿ ಕಾಲಿಗೆ ಬೀಳುತ್ತದೆ, ಅಂಥದ್ದು ಬೇಡ.

ಪುಡಿಯಾಗುವುದಕ್ಕೆ ಮದ್ದಿಲ್ಲ. ಪ್ರತಿ ಸಲ ಸೀಸ ತಾಗಿದಾಗಲೂ ಒಳಮೈಯ ತೆಳು ಪದರ ತಾನು ಕಟ್ಟಿಕೊಂಡಿದ್ದ ನೀರನ್ನು ಕಳೆದುಕೊಳ್ಳುತ್ತದೆ. ಪೂರ್ತಿ ಒಣಗಿದ ಅಚ್ಚಿನಲ್ಲೂ ತೂಕದ ಐದನೇ ಒಂದು ಪಾಲು ಇಂಥ ಕಟ್ಟಿದ ನೀರೇ ಇರುತ್ತದೆ. ನನ್ನ ಅಚ್ಚುಗಳು ಮೂವತ್ತು ನಲವತ್ತು ಗುಂಡಿಗೆ ಸೋಲುತ್ತವೆ. ಗುಂಡಿನ ಅಂಚು ಮೊಂಡಾಗಿ, ಬಿಳಿ ಪುಡಿ ಅಂಟಿಕೊಂಡು ಬರಲು ಶುರುವಾದರೆ ಹೊಸ ಅಚ್ಚಿಗೆ ಪಿಓಪಿ ಕಲಸುತ್ತೇನೆ. ಮೂಲ ಮಾದರಿಯನ್ನು ಅದಕ್ಕೇ ಜೋಪಾನವಾಗಿ ಇಡಬೇಕು. ನೂರಾರು ಗುಂಡು ಬೇಕಾದವರಿಗೆ ಪಿಓಪಿ ಲಾಯಕ್ಕಲ್ಲ, ಅಲ್ಯೂಮಿನಿಯಂ ಅಚ್ಚು ಕೊಳ್ಳಲಿ.

ಸತ್ತ ಅಚ್ಚನ್ನು ತೆಂಗಿನ ಬುಡಕ್ಕೋ ಹಿತ್ತಲ ಗೊಬ್ಬರದ ಗುಂಡಿಗೋ ಎಸೆಯಬೇಡಿ, ಒಳಮೈಯಲ್ಲೆಲ್ಲ ಸೀಸ ಹಿಡಿದಿರುತ್ತದೆ. ಕಿಟ್ಟದ ಜೊತೆ ಮುಚ್ಚಳದ ಡಬ್ಬಕ್ಕೆ ಹಾಕಿ, ಮೇಲೆ ‘ಸೀಸ’ ಅಂತ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಡಬ್ಬ ತುಂಬಿದ ಮೇಲೆ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಒಪ್ಪಿಸಿ. ನನ್ನ ಡಬ್ಬದಲ್ಲಿ ಈಗ ಐದು ಅಚ್ಚು, ಮೂರು ಕಿಲೋದಷ್ಟು ಕಿಟ್ಟ ಇದೆ. ಜುಲೈನಲ್ಲಿ ಸಿಡಿದ ಆ ಮೊದಲ ಅಚ್ಚು ಎಲ್ಲಕ್ಕಿಂತ ಕೆಳಗಿದೆ.